ನೀರೊಳಗೆ ಮೂರು ಗಂಟೆ, ನೀರಿನ ಹೊರಗೆ ಹನ್ನೊಂದು ತಿಂಗಳು

ಅರಬ್ಬೀ ಸಮುದ್ರದೊಳಗಿನ ದ್ವೀಪವಾದ ನೇತ್ರಾಣಿ ಗುಡ್ಡದ ಹವಳದ ಸಮೀಕ್ಷೆಯಲ್ಲಿ ನನ್ನ ಪಾಲಿನ ಕೆಲಸ ಮೇ ಮಧ್ಯಕ್ಕೆ ಮುಗಿಯಿತು. ಶುರು ಮಾಡಿದ್ದು ಹೋದ ವರ್ಷ ಜೂನ್ ಮಧ್ಯದಲ್ಲಿ. ಹನ್ನೊಂದು ತಿಂಗಳು. ಅದರಲ್ಲಿ ನಾನು ಸಮೀಕ್ಷೆಗೆ ಅಂತ ನೀರೊಳಗೆ ಇದ್ದದ್ದು ಆರು ಮುಳುಗು, ಒಟ್ಟು 3 ಗಂಟೆ 10 ನಿಮಿಷ. ಉಳಿದದ್ದೆಲ್ಲ ಬಸ್ಸು, ಝೆರಾಕ್ಸ್ ಅಂಗಡಿ, ಆಸ್ಪತ್ರೆ ಬೆಂಚು, ಟಪಾಲು ಕಿಟಕಿ ಮತ್ತು ಮುರ್ಡೇಶ್ವರದ ದಡದಲ್ಲಿ ಗಾಳಿ ಇಳಿಯುವುದನ್ನು ಕಾಯುವುದು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನಾಲ್ಕು ತಿಂಗಳಾದರೂ ಉಳಿಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಶಿರಸಿ ಕಡೆಯವಳು. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಒಂದು ಹವಳದ ಪ್ರಾಜೆಕ್ಟಿಗೆ ಸಹಾಯಕಿಯಾಗಿ ಸೇರಿದೆ. ಈಜು ಕಲಿತದ್ದು ಮನೆ ಹಿಂದಿನ ಹೊಳೆಯ ಗುಂಡಿಯಲ್ಲಿ. ಸಮುದ್ರ ಅಂದರೆ ಗೋಕರ್ಣಕ್ಕೆ ಹೋದಾಗ ಮೊಣಕಾಲವರೆಗೆ ಇಳಿದದ್ದು, ಅಷ್ಟೇ. ಪ್ರಾಜೆಕ್ಟಿನ ಮೇಡಂ ಕೇಳಿದ್ದು ಒಂದೇ ಪ್ರಶ್ನೆ, "ಮುಳುಗುವುದಕ್ಕೆ ಭಯ ಇದೆಯಾ?" ಇಲ್ಲ ಅಂದೆ. ಸುಳ್ಳು.

ಹವಳ ಅಂದ ಕೂಡಲೇ ಎಲ್ಲರೂ ನನ್ನ ಬೆರಳು ನೋಡುತ್ತಿದ್ದರು. "ಕುಜ ದೋಷಕ್ಕೆ ಉಂಗುರ ಮಾಡಿಸ್ತಾರಲ್ಲ, ಅದಾ? ಒಂದು ತೊಲ ಎಷ್ಟು?" ಅಂತ ನಮ್ಮ ಪಕ್ಕದ ಮನೆಯವರೇ ಕೇಳಿದರು. ಅಲ್ಲ. ಉಂಗುರದ ಕೆಂಪು ಹವಳಕ್ಕೆ ಹೆಸರಾದದ್ದು ಮೆಡಿಟರೇನಿಯನ್ ಸಮುದ್ರ, ಆ ಜಾತಿಯೇ ಬೇರೆ. ನೇತ್ರಾಣಿಯಲ್ಲಿರುವುದು ಬಂಡೆಗೆ ಅಂಟಿಕೊಂಡು ಗಡ್ಡೆಯ ಹಾಗೆ ಬೆಳೆಯುವ ಕಲ್ಲು ಹವಳ. ಸಾವಿರಾರು ಸಣ್ಣ ಜೀವಿಗಳು ಸೇರಿ ಕಟ್ಟಿಕೊಂಡ ಸುಣ್ಣದ ಮನೆ ಅದು. ಆ ಜೀವಿಗಳ ಮೈಯೊಳಗೆ ಪಾಚಿ ಇರುತ್ತದೆ. ಬಣ್ಣ ಬಹುಪಾಲು ಅದರದ್ದು, ಊಟವೂ ಹೆಚ್ಚಿನಂಶ ಅದರದ್ದೇ. ನೀರು ಹದ ಮೀರಿ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ, ಬೆಳ್ಳಗಾಗುತ್ತದೆ. ಬೆಳ್ಳಗಾದ ತಕ್ಷಣ ಸಾಯುವುದಿಲ್ಲ, ಉಪವಾಸ ಬೀಳುತ್ತದೆ. ಬೇಗ ತಂಪಾದರೆ ಬದುಕುತ್ತದೆ. ಇಲ್ಲವಾದರೆ ಇಲ್ಲ.

2024ರ ಏಪ್ರಿಲ್‌ನಲ್ಲಿ ಅಮೆರಿಕದ ಸಮುದ್ರ-ಹವಾಮಾನ ಸಂಸ್ಥೆ ನೋವಾದವರು ಜಗತ್ತಿನ ಹವಳಗಳು ನಾಲ್ಕನೇ ಸಲ ಒಟ್ಟಿಗೆ ಬೆಳ್ಳಗಾಗುತ್ತಿವೆ ಎಂದು ಹೇಳಿದರಲ್ಲ, ನಮ್ಮ ಪ್ರಾಜೆಕ್ಟಿಗೆ ಅವಸರ ಬಂದದ್ದು ಅದರಿಂದಲೇ. ನಮ್ಮ ದೇಶದಲ್ಲಿ ಹವಳ ಅಂದರೆ ಲಕ್ಷದ್ವೀಪ, ಅಂಡಮಾನ್-ನಿಕೋಬಾರ್, ಮನ್ನಾರ್ ಕೊಲ್ಲಿ, ಕಛ್ ಕೊಲ್ಲಿ. ಲಕ್ಷದ್ವೀಪದಲ್ಲಿ ವಿಜ್ಞಾನಿಗಳು 1998ರಿಂದಲೂ ಅಳೆಯುತ್ತಿದ್ದಾರೆ, ಹಾಗಾಗಿ ಅಲ್ಲಿ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿದೆ ಎಂದು ಅವರಿಗೆ ಹೇಳಲು ಬರುತ್ತದೆ. ನಮ್ಮ ಕಡೆ ಇರುವುದು ಇಷ್ಟೇ ಇಷ್ಟು, ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಒಂದು ಗುಡ್ಡದ ಸುತ್ತ. ಹಾಗಂತ ಅಳೆಯದೆ ಬಿಡಲಿಕ್ಕಾಗುತ್ತದೆಯೇ? ಹೋದ ಮೇಲೆ ಎಷ್ಟಿತ್ತು ಅಂತ ಯಾರನ್ನು ಕೇಳುವುದು?

ಇನ್ನು ಕಾಗದದ ಕಥೆ.

ಮೊದಲ ತಪ್ಪು ನಮ್ಮದೇ. ಅರ್ಜಿಯಲ್ಲಿ "ಬೆರಳುಗುರಿನಷ್ಟು ಹವಳದ ಮಾದರಿ ತೆಗೆಯುತ್ತೇವೆ" ಎಂದು ಒಂದು ಸಾಲು ಬರೆದಿದ್ದೆವು. ಆ ಒಂದು ಸಾಲಿಗೆ ಐದು ತಿಂಗಳು ಹೋಯಿತು. ಕಲ್ಲು ಹವಳ ವನ್ಯಜೀವಿ ಕಾಯ್ದೆಯ ಶೆಡ್ಯೂಲ್ 1ರಲ್ಲಿದೆ, 2001ರಲ್ಲಿ ಸೇರಿಸಿದ್ದು. ಅಂದರೆ ಕಾನೂನಿನ ಕಣ್ಣಲ್ಲಿ ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಸಂಶೋಧನೆಗೇ ಆದರೂ ಒಂದು ಚೂರು ಮುರಿಯಬೇಕಾದರೆ ಕಲಂ 12ರ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು, ಶೆಡ್ಯೂಲ್ 1 ಆದ್ದರಿಂದ ಅದಕ್ಕೆ ಮೊದಲು ಕೇಂದ್ರ ಸರ್ಕಾರದ ಒಪ್ಪಿಗೆಯೂ ಬೇಕು. ಸರಿಯೇ ಬಿಡಿ, ಹಾಗೆ ಇರಲೇಬೇಕು. ಆದರೆ ನಮಗೆ ಆ ಚೂರು ನಿಜಕ್ಕೂ ಬೇಕಿತ್ತಾ ಅಂತ ನಾವೇ ಕೇಳಿಕೊಂಡಿರಲಿಲ್ಲ.

ಎರಡನೇ ತಪ್ಪು ಪೂರ್ತಿ ನನ್ನದು. ಒಂದು ಕಚೇರಿಯಲ್ಲಿ ಲಕೋಟೆ ಕೊಟ್ಟು, "ಆಯ್ತು, ಇಟ್ಟು ಹೋಗಿ" ಅಂದರು ಅಂತ ಇಟ್ಟು ಬಂದೆ. ಸ್ವೀಕೃತಿ ಕೇಳಲಿಲ್ಲ. ಆರು ವಾರ ಬಿಟ್ಟು ಹೋದರೆ, "ಇನ್‌ವರ್ಡ್ ನಂಬರ್ ಹೇಳಿ." ನಂಬರ್ ಇಲ್ಲ. "ಹಾಗಾದರೆ ನಿಮ್ಮ ಅರ್ಜಿ ಬಂದೇ ಇಲ್ಲ." ನಾನು ಅದೇ ಮೇಜಿನ ಮೇಲೆ, ಅದೇ ಕ್ಯಾಲೆಂಡರ್ ಕೆಳಗೆ ಇಟ್ಟಿದ್ದೆ. ಕ್ಯಾಲೆಂಡರ್ ಅಲ್ಲೇ ಇತ್ತು, ಲಕೋಟೆ ಇರಲಿಲ್ಲ. ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತು ಅತ್ತೆ, ನಾಚಿಕೆ ಏನಿಲ್ಲ. ಬರುವವರಿಗೆ ನನ್ನ ಮಾತು: ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ನಂಬರ್, ತಾರೀಖು ಬೀಳುವ ತನಕ ಆ ಕಿಟಕಿ ಬಿಟ್ಟು ಕದಲಬೇಡಿ. ಊಟದ ಹೊತ್ತಾದರೂ ಸರಿ.

ನವೆಂಬರ್‌ನಲ್ಲಿ ಮೇಡಂ ಮಾದರಿಯ ಸಾಲನ್ನೇ ತೆಗೆದುಹಾಕಿದರು. ಮುಟ್ಟುವುದಿಲ್ಲ, ಮುರಿಯುವುದಿಲ್ಲ, ಫೋಟೋ ಮಾತ್ರ ಎಂದು ಹೊಸ ಅರ್ಜಿ ಬರೆದೆವು. ಅರಣ್ಯ ಇಲಾಖೆಗೆ ಒಂದು ಪತ್ರ, ಕರಾವಳಿ ಕಾವಲು ಪೊಲೀಸರಿಗೆ ಒಂದು, ದೋಣಿಯಲ್ಲಿ ಹೋಗುವ ಎಲ್ಲರ ಆಧಾರ್ ಪ್ರತಿ, ದೋಣಿಯ ನೋಂದಣಿ ಪತ್ರದ ಪ್ರತಿ. ಆ ಗುಡ್ಡವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದೂ ಇದೆ, ಆದ್ದರಿಂದ ಹೋಗುವ ದಿನಗಳನ್ನು ಮುಂಚೆಯೇ ತಿಳಿಸಬೇಕಿತ್ತು. ಇದೆಲ್ಲ ಕೈಗೆ ಬರುವಾಗ ಫೆಬ್ರವರಿ ಮುಗಿಯುತ್ತಾ ಬಂದಿತ್ತು. ಶುರುವಿನಲ್ಲೇ ಹೀಗೆ ಬರೆದಿದ್ದರೆ ಡಿಸೆಂಬರ್‌ನ ತಿಳಿನೀರು ನಮಗೆ ಸಿಗುತ್ತಿತ್ತು. ಈಗಲೂ ಹೊಟ್ಟೆ ಉರಿಯುತ್ತದೆ.

ಕಾಗದ ಓಡಾಡುತ್ತಿದ್ದ ಹೊತ್ತಿಗೆ ನಾನು ಮುಳುಗುವುದನ್ನು ಕಲಿಯಬೇಕಿತ್ತು. ಸ್ಕೂಬಾ ತರಬೇತಿಗೆ ಮೊದಲು ಒಂದು ಆರೋಗ್ಯದ ಫಾರ್ಮ್ ಕೊಡುತ್ತಾರೆ. ಚಿಕ್ಕಂದಿನಲ್ಲಿ ನನಗೆ ಉಬ್ಬಸ ಇತ್ತು. "ಹೌದು" ಅಂತ ಗುರುತು ಹಾಕಿದೆ. ಆಯಿ ಪಕ್ಕದಲ್ಲೇ ಕೂತಿದ್ದವಳು, "ಸುಮ್ನೆ 'ಇಲ್ಲೆ' ಹೇಳಿ ಬರಿಯೇ, ಈಗ ಎಲ್ಲಿದ್ದು ಉಬ್ಬಸ?" ಅಂದಳು. ದಯವಿಟ್ಟು ಹಾಗೆ ಮಾಡಬೇಡಿ. ನೀರೊಳಗೆ ಉಸಿರು ಕಟ್ಟಿದರೆ ಫಾರ್ಮ್ ಬಂದು ಕಾಪಾಡುವುದಿಲ್ಲ. ಆದರೆ ಒಂದು "ಹೌದು" ಇದ್ದರೂ ವೈದ್ಯರ ಸಹಿ ಬೇಕು. ಊರಿನ ಡಾಕ್ಟರು ಫಾರ್ಮನ್ನು ತಿರುಗಿಸಿ ಮುರುಗಿಸಿ ನೋಡಿ, "ನಾನು ಸಮುದ್ರ ನೋಡಿದ್ದೇ ಮೂರು ಸಲ, ಇದಕ್ಕೆ ಹೇಗೆ ಸಹಿ ಹಾಕಲಿ ತಂಗಿ?" ಅಂತ ವಾಪಸ್ ಕೊಟ್ಟರು. ಪ್ರಾಮಾಣಿಕ ಮನುಷ್ಯ, ಫೀಸೂ ತಗೊಳ್ಳಲಿಲ್ಲ. ಹುಬ್ಬಳ್ಳಿಗೆ ಹೋಗಿ ಎದೆ ಡಾಕ್ಟರ ಹತ್ತಿರ ಊದುವ ಪರೀಕ್ಷೆ ಮಾಡಿಸಿ, ಕಿವಿ ಡಾಕ್ಟರ ಹತ್ತಿರ ಕಿವಿ ಸ್ವಚ್ಛ ಮಾಡಿಸಿ, ಎರಡು ಸಲ ಹೋಗಿ ಬಂದು ಸಹಿ ಸಿಕ್ಕಿತು. ಬಸ್ಸು ಸೇರಿ 4,350 ರೂಪಾಯಿ. ಹೋಗುವಾಗ ಫಾರ್ಮಿನ ಜೊತೆ ಇರುವ ವೈದ್ಯರಿಗಾಗಿ ಬರೆದ ಪುಟಗಳನ್ನೂ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಅದನ್ನು ಓದಿದ ಮೇಲೆಯೇ ಎದೆ ಡಾಕ್ಟರು ಪೆನ್ನು ತೆಗೆದದ್ದು.

ತರಬೇತಿಯಲ್ಲಿ 200 ಮೀಟರ್ ನಿಲ್ಲದೆ ಈಜಬೇಕು, ಹತ್ತು ನಿಮಿಷ ತೇಲಬೇಕು. ಹೊಳೆಯ ಈಜು ಇದಕ್ಕೆ ಸಾಕಾಯಿತು. ಕಷ್ಟ ಆದದ್ದು ಮುಖಗವಸಿಗೆ ನೀರು ತುಂಬಿಸಿ ಮೂಗಿನಿಂದ ಊದಿ ಹೊರಹಾಕುವುದು. ಮೂರು ಸಲ ಕೆಮ್ಮಿ ಮೇಲೆ ಬಂದೆ. ನಾಲ್ಕನೇ ಸಲ ತರಬೇತುದಾರರು ನನ್ನ ಎರಡೂ ಕೈ ಹಿಡಿದುಕೊಂಡು ಎದುರಿಗೆ ಮಂಡಿಯೂರಿ ಕೂತರು, ಒಂದು ಮಾತಿಲ್ಲ, ನೀರೊಳಗೆ ಮಾತು ಹೇಗೆ? ಅವರ ಗುಳ್ಳೆ ಎಣಿಸುತ್ತಾ ನನ್ನ ಉಸಿರು ಹತೋಟಿಗೆ ಬಂತು.

ಘಟ್ಟದ ಮೇಲಿನವರು ಈ ಮಾತನ್ನು ಗಮನ ಕೊಟ್ಟು ಓದಿ. ತರಬೇತಿಯ ಕೊನೆಯ ದಿನ ಮಧ್ಯಾಹ್ನ ದಡಕ್ಕೆ ಬಂದು, ಸಂಜೆ ಬಸ್ಸಿಗೆ ದೇವಿಮನೆ ಘಟ್ಟ ಹತ್ತಿ ಮನೆ ಸೇರಿಬಿಡೋಣ ಅಂತ ಬ್ಯಾಗು ಕಟ್ಟಿದ್ದೆ. ತರಬೇತುದಾರರು ಕೇಳಿದರು, "ನಿಮ್ಮೂರು ಎಷ್ಟು ಎತ್ತರದಲ್ಲಿದೆ?" ಯಾವತ್ತೂ ಯೋಚಿಸಿದ್ದೇ ಇಲ್ಲ. ಶಿರಸಿ ಸುಮಾರು 600 ಮೀಟರ್. ಆಳದಲ್ಲಿ ಒತ್ತಡಕ್ಕೆ ನೈಟ್ರೋಜನ್ ಮೈಯಲ್ಲಿ ಕರಗಿರುತ್ತದೆ, ಮೇಲೆ ಬಂದ ಮೇಲೂ ಪೂರ್ತಿ ಹೊರಗೆ ಹೋಗಲು ಹೊತ್ತು ಬೇಕು. ಅಷ್ಟರಲ್ಲಿ ಗಾಳಿಯ ಒತ್ತಡ ಕಡಿಮೆ ಇರುವ ಕಡೆ ಹೋದರೆ ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆ ಏಳುವ ಅಪಾಯ ಇದೆ. ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಹೇಳುತ್ತಾರೆ, ಘಟ್ಟ ಹತ್ತುವವರ ಬಗ್ಗೆ ಯಾರಿಗೂ ನೆನಪಾಗುವುದಿಲ್ಲ. ರಾತ್ರಿ ಕೆಳಗೇ ಉಳಿದೆ. ಆಮೇಲೆ ಪ್ರತಿ ಸಲವೂ ಅಷ್ಟೇ, ಒಂದು ರಾತ್ರಿಯ ರೂಮು ಲೆಕ್ಕಕ್ಕೆ ಸೇರಿಸಿಕೊಂಡೇ ಹೊರಟೆ.

ಮಾರ್ಚ್‌ನಲ್ಲಿ ಮೊದಲ ಪ್ರಯತ್ನ. ಬೆಳಿಗ್ಗೆ ಆರಕ್ಕೆ ದಡದಲ್ಲಿದ್ದೆವು. ದೋಣಿ ನಡೆಸುವ ತಾಂಡೇಲರು ನೀರು ನೋಡಿ, "ಇವತ್ತು ಬೇಡ ಮೇಡಮ್ಮ" ಅಂದರು. ನನ್ನ ಮೊಬೈಲಿನಲ್ಲಿ ಗಾಳಿ ಕಡಿಮೆ ಅಂತಲೇ ತೋರಿಸುತ್ತಿತ್ತು. ತೋರಿಸಿದೆ. ಅವರು ನಕ್ಕು ಬೀಡಿ ಹಚ್ಚಿದರು. ಒಂಬತ್ತು ಗಂಟೆಗೆ ಗಾಳಿ ಎದ್ದು ದಡದ ಪ್ಲಾಸ್ಟಿಕ್ ಕುರ್ಚಿ ಉರುಳಿಕೊಂಡು ಹೋಯಿತು. ಮಾರನೇ ದಿನವೂ ಇಲ್ಲ. ಎರಡು ದಿನ ರೂಮು, ಊಟ, ಸಿಲಿಂಡರಿನ ಬಾಡಿಗೆ ಎಲ್ಲ ನೀರಿಗೆ ಹೋಯಿತು.

ಹೋಗಿದ್ದರೂ ಪ್ರಯೋಜನ ಇರಲಿಲ್ಲವೇನೋ, ಯಾಕೆಂದರೆ ನಮ್ಮ ಚೌಕಟ್ಟಿನ ಕಥೆ ಆಗ ಗೊತ್ತೇ ಇರಲಿಲ್ಲ. ಫೋಟೋ ತೆಗೆಯುವ ಕ್ರಮ ಹೀಗೆ: ಬಂಡೆಯ ಮೇಲೆ 50 ಮೀಟರ್ ಟೇಪು ಎಳೆಯುವುದು, ಅದರ ಉದ್ದಕ್ಕೂ ಅರ್ಧ ಮೀಟರಿನ ಚೌಕ ಚೌಕಟ್ಟು ಹಿಡಿಯುತ್ತಾ ಮೇಲಿನಿಂದ ಫೋಟೋ ತೆಗೆಯುವುದು. ಆಮೇಲೆ ಕಂಪ್ಯೂಟರಿನಲ್ಲಿ ಪ್ರತಿ ಫೋಟೋದ ಮೇಲೆ ಚುಕ್ಕೆ ಬೀಳಿಸಿ, ಚುಕ್ಕೆ ಹವಳದ ಮೇಲೆ ಬಿತ್ತೋ ಪಾಚಿಯ ಮೇಲೋ ಬರೀ ಕಲ್ಲಿನ ಮೇಲೋ ಅಂತ ಎಣಿಸುವುದು. ಚೌಕಟ್ಟನ್ನು ನಮ್ಮ ತೋಟದಲ್ಲಿ ಉಳಿದಿದ್ದ ಪಿವಿಸಿ ಪೈಪಿನಿಂದಲೇ ಮಾಡಿದ್ದೆ, ಮೂಲೆಗೆ ಎಲ್ಬೋ ಹಾಕಿ ಅಂಟು ಬಳಿದು ಗಟ್ಟಿ ಮಾಡಿದ್ದೆ. ಊರಿಗೆ ಬಂದಾಗ ಒಂದು ಸಲ ನೋಡೋಣ ಅಂತ ಹೊಳೆಯಲ್ಲಿ ಮುಳುಗಿಸಿದರೆ ಮುಳುಗಲೇ ಇಲ್ಲ! ಒಳಗೆ ಗಾಳಿ, ಬಾಳೆದಿಂಡಿನ ಹಾಗೆ ತೇಲಿತು. ಅಪ್ಪಯ್ಯ ದಡದಲ್ಲಿ ನಿಂತು ನೋಡುತ್ತಿದ್ದವರು ಏನೂ ಹೇಳದೆ ಮನೆಗೆ ಹೋಗಿ ಡ್ರಿಲ್ ತಂದು ಗೇಣಿಗೊಂದು ತೂತು ಕೊರೆದರು. ನೀರು ಒಳಗೆ ಹೋಗಿ ಗುಳುಗುಳು ಅಂತ ತಳ ಸೇರಿತು. ಪ್ರಾಜೆಕ್ಟಿನಲ್ಲಿ ಪಿಎಚ್‌ಡಿ ಆದವರು ಮೂವರು ಇದ್ದರು, ಯಾರಿಗೂ ಹೊಳೆದಿರಲಿಲ್ಲ.

ಏಪ್ರಿಲ್‌ನಲ್ಲಿ ಕೊನೆಗೂ ಹೊರಟೆವು. ಒಂದೂವರೆ ಗಂಟೆ ದೋಣಿ. ಘಟ್ಟದ ಬಸ್ಸಿಗೆ ತಗೊಳ್ಳುವ ಅವೊಮಿನ್ ತಗೊಂಡರೆ ನಿದ್ದೆ ಬರುತ್ತದೆ, ಮುಳುಗುವ ದಿನ ಬೇಡ ಎಂದಿದ್ದರು. ಶುಂಠಿ ಚೂರು ಬಾಯಿಗೆ ಹಾಕಿಕೊಂಡು ದೂರದ ಗುಡ್ಡವನ್ನೇ ನೋಡುತ್ತಾ ಕೂತೆ. ಆದರೂ ಹೊಟ್ಟೆಯ ಅವಲಕ್ಕಿ ಅರಬ್ಬೀ ಸಮುದ್ರಕ್ಕೆ ಹೋಯಿತು. ತಾಂಡೇಲರು, "ಮೀನಿಗೂ ಬೆಳಿಗ್ಗೆ ತಿಂಡಿ ಬೇಕಲ್ಲ" ಅಂದರು.

ಎಂಟು ಮೀಟರ್ ಆಳ. ಕೈಗಡಿಯಾರದಂಥ ಡೈವ್ ಕಂಪ್ಯೂಟರಿನಲ್ಲಿ ನೀರು 30 ಡಿಗ್ರಿ. ನನ್ನ ಕೆಲಸ ಬಣ್ಣದ ಕಾರ್ಡು ಹಿಡಿಯುವುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರ ಕೋರಲ್‌ವಾಚ್ ಕಾರ್ಡು ಅದು, ಅಂಗೈ ಅಗಲದ ಚೌಕ, ನಾಲ್ಕು ಅಂಚಿನಲ್ಲಿ ನಾಲ್ಕು ಬಗೆಯ ಬಣ್ಣ, ಪ್ರತಿ ಬಣ್ಣಕ್ಕೆ 1ರಿಂದ 6ರವರೆಗೆ ತಿಳಿಯಿಂದ ಗಾಢ. ಹವಳದ ಪಕ್ಕ ಹಿಡಿದು, ಅತಿ ತಿಳಿ ಭಾಗಕ್ಕೆ ಯಾವುದು ಹೊಂದುತ್ತದೆ, ಅತಿ ಗಾಢ ಭಾಗಕ್ಕೆ ಯಾವುದು ಅಂತ ಸ್ಲೇಟಿನಲ್ಲಿ ಪೆನ್ಸಿಲಿನಿಂದ ಬರೆಯಬೇಕು. ಸೀರೆ ಅಂಗಡಿಯಲ್ಲಿ ರವಿಕೆ ಕಣ ಹೊಂದಿಸುತ್ತಾರಲ್ಲ, ಥೇಟ್ ಹಾಗೇ. ಮೊದಲ ಗಡ್ಡೆಯೇ ಬೂದಿ ಬಣ್ಣ ಕಂಡಿತು, ಸತ್ತೇ ಹೋಗಿದೆ ಅಂತ ಎದೆ ಧಸಕ್ ಅಂತು. ಟಾರ್ಚು ಬಿಟ್ಟರೆ ಜೇನಿನ ಬಣ್ಣ! ನೀರೊಳಗೆ ಐದಾರು ಮೀಟರಿಗೇ ಕೆಂಪು ಮಾಯವಾಗುತ್ತದೆ ಅನ್ನುವುದನ್ನು ಓದಿ ಪರೀಕ್ಷೆ ಬರೆದಿದ್ದೆ, ಅಲ್ಲಿ ಮರೆತೇಬಿಟ್ಟಿದ್ದೆ. ಟಾರ್ಚು ಇಲ್ಲದೆ ಕಾರ್ಡು ಹಿಡಿಯಬೇಡಿ.

ಆ ಗಡ್ಡೆಯ ಎತ್ತರ ಸುಮಾರು ಎರಡು ಅಡಿ. ಪೋರೈಟಿಸ್ ಜಾತಿ, ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುವಂಥದ್ದು. ಲೆಕ್ಕ ಹಾಕಿದರೆ ಅಪ್ಪಯ್ಯನ ಪ್ರಾಯ. ಕಾಲಿಗೆ ಹಾಕಿದ ಈಜುಪಟ್ಟಿ (ಫಿನ್) ಎಲ್ಲಿ ಹವಳಕ್ಕೆ ತಾಗುತ್ತದೋ ಅಂತ ನಾನು ಮಂಡಿ ಮಡಚಿಕೊಂಡು ತಲೆಕೆಳಗಾಗಿ ತೇಲುತ್ತಿದ್ದೆ. ಇದನ್ನು ಈಜುಕೊಳದಲ್ಲೇ ಚೆನ್ನಾಗಿ ಕಲಿತುಕೊಂಡು ಹೋಗಿ, ಹವಳದ ಮೇಲೆ ಅಭ್ಯಾಸ ಮಾಡಬೇಡಿ.

ಮೇಯಲ್ಲಿ ಎರಡನೇ ಸಲ ಹೋದಾಗ ನೀರು 31. ಏಪ್ರಿಲ್‌ನಲ್ಲಿ ಗುರುತು ಮಾಡಿದ್ದ ಗಡ್ಡೆಗಳಲ್ಲಿ ಎರಡರ ನೆತ್ತಿ ಕಾರ್ಡಿನಲ್ಲಿ ಎರಡು ಅಂಕ ತಿಳಿಯಾಗಿತ್ತು. ಇದರ ಅರ್ಥ ಏನು ಅಂತ ಹೇಳುವುದು ಮೇಡಂ ಕೆಲಸ, ಒಂದು ಬೇಸಿಗೆಯ ಲೆಕ್ಕದಲ್ಲಿ ಏನನ್ನೂ ಹೇಳಬೇಡ ಅಂತ ನನಗೆ ತಾಕೀತು ಮಾಡಿದ್ದಾರೆ. ಬೇಸಿಗೆಯ ಅತಿ ಬಿಸಿ ತಿಂಗಳ ಸರಾಸರಿಗಿಂತ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ನಿಂತರೆ ಹವಳಕ್ಕೆ ಕಷ್ಟ. ನಮ್ಮಲ್ಲಿ ಆ ವಾರಗಳು ಬರುವುದು ಮಳೆಗೆ ಸ್ವಲ್ಪ ಮುಂಚೆ. ದೋಣಿಗಳು ದಡಕ್ಕೆ ಏರುವುದೂ ಆಗಲೇ. ನೋಡಲೇಬೇಕಾದ ಹೊತ್ತಿಗೆ ಸಮುದ್ರ ಬಾಗಿಲು ಹಾಕುತ್ತದೆ. ಆದ್ದರಿಂದ ಕ್ಯಾಲೆಂಡರನ್ನು ಹಿಂದಿನಿಂದ ಲೆಕ್ಕ ಹಾಕಿ: ಮೇ ಹದಿನೈದಕ್ಕೆ ಎಲ್ಲ ಮುಗಿಯಬೇಕಾದರೆ ಅನುಮತಿ ಡಿಸೆಂಬರ್ ಒಳಗೆ ಕೈಯಲ್ಲಿರಬೇಕು, ವೈದ್ಯರ ಸಹಿ ಮಳೆಗಾಲದಲ್ಲೇ ಆಗಬೇಕು.

ಇಷ್ಟೆಲ್ಲ ಎಣಿಸುವ ಬದಲು ಹವಳವನ್ನೇ ನೆಡಬಾರದಾ ಅಂತ ಮನೆಯಲ್ಲಿ ಕೇಳಿದರು. ನೆಡುತ್ತಾರೆ. ಮನ್ನಾರ್ ಕೊಲ್ಲಿಯಲ್ಲಿ, ಗುಜರಾತಿನ ಮಿಠಾಪುರದಲ್ಲಿ ವಿಜ್ಞಾನಿಗಳು ಚೂರುಗಳನ್ನು ಕಟ್ಟಿ ಬೆಳೆಸಿದ್ದಾರೆ. ಆದರೆ 2023ರ ಜುಲೈಯಲ್ಲಿ ಫ್ಲೋರಿಡಾದ ಸಮುದ್ರ ಕಾದಾಗ, ಅಲ್ಲಿನವರು ವರ್ಷಗಟ್ಟಲೆ ನೀರೊಳಗಿನ ನರ್ಸರಿಯಲ್ಲಿ ಬೆಳೆಸಿದ ಹವಳವನ್ನು ಬಿಚ್ಚಿಕೊಂಡು ದಡದ ತೊಟ್ಟಿಗಳಿಗೆ ಸಾಗಿಸಿದರು. ಇದನ್ನು ಹೇಳಿದ್ದಕ್ಕೆ ಅಪ್ಪಯ್ಯ, "ಸಸಿ ನೆಡದು ದೊಡ್ಡದಲ್ಲ, ಬ್ಯಾಸಿಗೆ ದಾಟ್ಸದು ದೊಡ್ಡದು" ಅಂದರು. ಅಡಿಕೆ ತೋಟದವರಿಗೆ ಬೇಗ ಅರ್ಥವಾಗುತ್ತದೆ.

ದುಡ್ಡಿನ ಲೆಕ್ಕ ಕೇಳುವವರು ಜಾಸ್ತಿ, ಹೇಳಿಬಿಡುತ್ತೇನೆ. ತರಬೇತಿಗೆ ನಾನು ಕೊಟ್ಟದ್ದು 28,000. ಡೈವಿಂಗ್ ವಿಮೆ 5,600. ವೈದ್ಯರ ಖರ್ಚು ಆಗಲೇ ಹೇಳಿದೆ. ರೂಮು, ಬಸ್ಸು, ಝೆರಾಕ್ಸ್ ಎಲ್ಲ ಸೇರಿ 11,000 ಹತ್ತಿರ. ಪ್ರಾಜೆಕ್ಟಿನಿಂದ ಬಂದದ್ದು ದೋಣಿ ಮತ್ತು ಸಿಲಿಂಡರಿನ ಬಾಡಿಗೆ ಮಾತ್ರ. ತರಬೇತಿಯ ಬಿಲ್ಲು, ಜಿಎಸ್‌ಟಿ ನಂಬರ್ ಸರಿಯಾಗಿ ಕಾಣುತ್ತಿಲ್ಲ ಅಂತ ಎರಡು ಸಲ ವಾಪಸ್ ಬಂದಿದೆ. ಬಿಲ್ಲು ತಗೊಳ್ಳುವಾಗಲೇ ಓದಿ ನೋಡಿ.

ಕೊನೆಯ ಮುಳುಗಿನಲ್ಲಿ ಒಂದು ಬಲೆ ಸಿಕ್ಕಿತು. ಹಸಿರು ನೈಲಾನ್, ಎರಡು ಗಡ್ಡೆಗಳ ಮೇಲೆ ಹೊದಿಕೆಯ ಹಾಗೆ ಬಿದ್ದು, ಅದರಡಿ ಹವಳ ಮಾಸಿ ಪಾಚಿ ಹಿಡಿದಿತ್ತು. ನನ್ನ ಬೆಲ್ಟಿನಲ್ಲಿ ಚಾಕು ಇತ್ತು. ಮೇಡಂ ಬೆರಳಾಡಿಸಿ ಬೇಡ ಅಂದರು. ನಮ್ಮ ಪತ್ರದಲ್ಲಿ ಇರುವುದು ಫೋಟೋ ಮಾತ್ರ, ಮುಟ್ಟುವುದಿಲ್ಲ ಅಂತ ನಾವೇ ಬರೆದುಕೊಟ್ಟಿದ್ದೆವು. ಎಳೆದರೆ ಹವಳವೂ ಕಿತ್ತುಬರಬಹುದು. ಫೋಟೋ ತೆಗೆದೆ, ಆಳ ಬರೆದುಕೊಂಡೆ, ಮೇಲೆ ಬಂದೆ. ದೋಣಿಯಲ್ಲಿ ಕ್ಯಾಮೆರಾ ತೋರಿಸಿದಾಗ ತಾಂಡೇಲರು ಬಲೆಯ ಕಣ್ಣಿನ ಗಾತ್ರ ಬೆರಳಲ್ಲಿ ಅಳೆದ ಹಾಗೆ ಮಾಡಿ, "ಇದು ನಮ್ಮ ಕಡೆ ಬಲೆ ಅಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಬಿಡಿಸೋದಾದ್ರೆ ಹೇಳಿ, ನಮ್ಮ ಹುಡುಗ್ರು ಬರ್ತಾರೆ" ಅಂದರು.

ಬಲೆ ಬಿಡಿಸಲು ಅನುಮತಿ ಕೇಳಿ ಮೊನ್ನೆ ಸೋಮವಾರ ಹೊಸ ಅರ್ಜಿ ಕೊಟ್ಟು ಬಂದೆ. ಟಪಾಲು ಕಿಟಕಿಯವರು "ಇಟ್ಟು ಹೋಗಿ" ಅಂದರು. ನಾನು ಕುರ್ಚಿ ಎಳೆದುಕೊಂಡು ಕೂತೆ. ಇಪ್ಪತ್ತು ನಿಮಿಷ ಆದ ಮೇಲೆ ಸೀಲು ಬಿತ್ತು.